ವೃದ್ಧಾಶ್ರಮದ ಬೀರುವಿನಲ್ಲಿ ಎಚ್‌ಐವಿ ಮಾತ್ರೆ

ನಮ್ಮ ಎಆರ್‌ಟಿ (ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಔಷಧಿ ಚಿಕಿತ್ಸೆ) ಕೇಂದ್ರಕ್ಕೆ ಹದಿನಾಲ್ಕು ವರ್ಷ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು, ಪತ್ನಿ ತೀರಿಕೊಂಡ ಮೇಲೆ ವೃದ್ಧಾಶ್ರಮ ಸೇರಿದರು. ಏಳು ತಿಂಗಳ ನಂತರ ಮಾಡಿಸಿದ, ರಕ್ತದಲ್ಲಿ ವೈರಾಣು ಎಷ್ಟಿದೆಯೆಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ, ವರ್ಷಗಳಿಂದ ಅಡಗಿದ್ದ ವೈರಾಣು ಮತ್ತೆ ತಲೆ ಎತ್ತಿತ್ತು. ವಯಸ್ಸಿನ ಮರೆವಿರಬೇಕೆಂದು ನಾನು ಊಹಿಸಿದ್ದು ತಪ್ಪಾಗಿತ್ತು. ಆಶ್ರಮಕ್ಕೆ ಬಂದ ದಿನವೇ ಎಲ್ಲರ ಔಷಧಿಗಳೂ ಕಚೇರಿಯ ಬೀರು ಸೇರುವುದು ಅಲ್ಲಿಯ ನಿಯಮ. ಡಬ್ಬಿಯ ಮೇಲಿನ ಚೀಟಿಯನ್ನು ಯಾರಾದರೂ ಓದಿಯಾರೆಂಬ ಅಂಜಿಕೆಯಿಂದ ಅವರು ಎಚ್‌ಐವಿ ಮಾತ್ರೆಗಳನ್ನು ಮಾತ್ರ ಪೊಟ್ಟಣ ಕಟ್ಟಿ ಟ್ರಂಕಿನ ಬಟ್ಟೆಗಳ ನಡುವೆ ಇಟ್ಟುಕೊಂಡಿದ್ದರು. ನಾಲ್ವರು ಮಲಗುವ ಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಟ್ರಂಕು ತೆರೆಯುವ ಗಳಿಗೆ ಎಲ್ಲ ದಿನವೂ ಸಿಗುತ್ತಿರಲಿಲ್ಲ.

2004ರ ಏಪ್ರಿಲ್‌ನಲ್ಲಿ ದೇಶದಲ್ಲಿ ಉಚಿತ ಎಆರ್‌ಟಿ ಆರಂಭವಾದಾಗ ನಲವತ್ತೈದರ ಆಸುಪಾಸಿನಲ್ಲಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಇಷ್ಟು ವರ್ಷ ನಾವು ಹೇಳಿಕೊಟ್ಟ ಶಿಸ್ತೆಲ್ಲವೂ, ಎಂದರೆ ಹಸಿರು ಪುಸ್ತಕ (ರೋಗಿಯ ಚಿಕಿತ್ಸೆಯ ದಾಖಲೆ), ಉಳಿದ ಮಾತ್ರೆಗಳ ಎಣಿಕೆ, ಮೊಬೈಲಿನ ಅಲಾರಂ, ಡಬ್ಬಿ ರೋಗಿಯ ಕೈಯಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆಶ್ರಮದ ಹೊಸ್ತಿಲು ದಾಟಿದೊಡನೆ ಅದು ಬೇರೊಬ್ಬರ ಕೈಗೆ ಹೋಗುತ್ತದೆ. ಆ ಕೈ ಯಾರದೆಂದು ನಾವು ಕೇಳುವುದೇ ಇಲ್ಲ.

ಕೊಡುವವರಿಗೆ ವಿಷಯ ತಿಳಿಯದಿದ್ದರೆ ಇನ್ನೊಂದು ತೊಂದರೆಯೂ ಇದೆ. ಈಗ ಹೆಚ್ಚಿನವರು ದಿನಕ್ಕೊಮ್ಮೆ ತೆಗೆದುಕೊಳ್ಳುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಕ್ಯಾಲ್ಸಿಯಂ, ಕಬ್ಬಿಣಾಂಶ ಅಥವಾ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ (ಎದೆಯುರಿಯ ಔಷಧಿ) ಜೊತೆ ಹೊಟ್ಟೆಗೆ ಹೋದರೆ ಇದರಲ್ಲಿರುವ ಡೊಲುಟೆಗ್ರಾವಿರ್ ಅವುಗಳಿಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಆದ್ದರಿಂದ ಇದನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಕೊಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಊಟದೊಂದಿಗಾದರೆ ಜೊತೆಯಲ್ಲೇ ಕೊಡಬಹುದು, ಆಂಟಾಸಿಡ್‌ಗೆ ಆ ವಿನಾಯಿತಿ ಇಲ್ಲ. ಬೆಳಿಗ್ಗೆ ಎಲ್ಲ ಮಾತ್ರೆಗಳನ್ನೂ ಒಂದೇ ಲೋಟದಲ್ಲಿ ಹಾಕಿ ಕೊಡುವ ಕಡೆ ಒಂದು ದಿನವೂ ತಪ್ಪದಿದ್ದರೂ ಔಷಧಿ ವ್ಯರ್ಥವಾಗಬಹುದು. ಡೊಲುಟೆಗ್ರಾವಿರ್ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣವನ್ನು ಏರಿಸುವುದರಿಂದ, ಸಕ್ಕರೆ ಕಾಯಿಲೆಯವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ಮೀರದಂತೆ ನೋಡಿಕೊಳ್ಳುವುದು ವಾಡಿಕೆ. ಹೆಪಟೈಟಿಸ್ ಬಿ ಕೂಡ ಇರುವವರಲ್ಲಿ ಈ ಮಾತ್ರೆ ಹಠಾತ್ತನೆ ನಿಂತರೆ ಯಕೃತ್ತಿನ ಉರಿಯೂತ ಕೆರಳುವ ಅಪಾಯವಿದೆ.

ಹಾಗೆಂದು ಆಶ್ರಮದವರಿಗೆಲ್ಲ ಹೇಳಿಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಹಿರಿಯರ ಅಂಜಿಕೆ ಬುಡವಿಲ್ಲದ್ದಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು, ಖಾಸಗಿ ಆರೈಕೆ ಸಂಸ್ಥೆಗಳೂ ಎಚ್‌ಐವಿ ಇದೆಯೆಂಬ ಕಾರಣಕ್ಕೆ ಯಾರನ್ನೂ ಹೊರಗಿಡುವುದನ್ನು ನಿಷೇಧಿಸಿದೆ, ಒಪ್ಪಿಗೆಯಿಲ್ಲದೆ ವಿಷಯ ಬಹಿರಂಗಪಡಿಸುವುದಕ್ಕೂ ತಡೆ ಹಾಕಿದೆ. ಆದರೂ ಪಿಸುಮಾತನ್ನು ಕಾಯ್ದೆ ತಡೆಯಲಾರದು. ನಾನು ಕೇಳುವುದು ಇಷ್ಟೇ: ಆಶ್ರಮ ಸೇರುವ ಮೊದಲೇ, ಯಾರಿಗೆ ತಿಳಿಸಬೇಕೆಂದು ಹಿರಿಯರೇ ಒಬ್ಬರನ್ನು ಆರಿಸಲಿ, ಒಪ್ಪಿಗೆ ಬರಹದಲ್ಲಿರಲಿ, ಕೇಂದ್ರದ ಆಪ್ತಸಮಾಲೋಚಕರು ಆ ಒಬ್ಬರೊಂದಿಗೆ ನೇರವಾಗಿ ಮಾತನಾಡಲಿ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಹಸಿರು ಪುಸ್ತಕವನ್ನೂ ಮಾತ್ರೆಯನ್ನೂ ಜೊತೆಗೆ ಕಳುಹಿಸುವ ಹೊಣೆಯೂ ಹಿರಿಯರು ಆರಿಸಿದ ಆ ಒಬ್ಬರದೇ ಆಗಿರಬೇಕು.

ನಾನು ಮೇಲೆ ಹೇಳಿದ ಹಿರಿಯರು ಆರಿಸಿಕೊಂಡದ್ದು ವ್ಯವಸ್ಥಾಪಕರನ್ನಲ್ಲ, ರಾತ್ರಿ ಪಾಳಿಯ ನರ್ಸ್ ಒಬ್ಬರನ್ನು. ಕ್ಯಾಲ್ಸಿಯಂ ಬೆಳಿಗ್ಗೆಯೇ ಇರಲಿ, ಈ ಮಾತ್ರೆ ರಾತ್ರಿ ಊಟದ ನಂತರ ಎಂದು ಗೊತ್ತುಮಾಡಿದೆವು. ಚೀಟಿ ಕಾಣದಂತೆ ಡಬ್ಬಿಗೊಂದು ಬಟ್ಟೆಯ ಚೀಲ ಬಂತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ವೈರಾಣು ಮತ್ತೆ ಎಣಿಕೆಗೆ ಸಿಗಲಿಲ್ಲ. ಈಗ ಬೇರೆ ವೈದ್ಯರು ಏನಾದರೂ ಹೊಸದಾಗಿ ಬರೆದುಕೊಟ್ಟಾಗಲೆಲ್ಲ ಆ ನರ್ಸ್, ಹಿರಿಯರ ಹೆಸರೆತ್ತದೆ, ‘ರಾತ್ರಿ ಮಾತ್ರೆಯ ಜೊತೆ ಇದನ್ನು ಕೊಡಬಹುದೇ, ಡಾಕ್ಟರೇ?’ ಎಂದು ಫೋನ್ ಮಾಡುತ್ತಾರೆ.