ಹಿಮದ ಹದ

ಬೇಸಿಗೆಯಲ್ಲಿ ಚಿತ್ರದುರ್ಗದ ಕೋಟೆ ಹತ್ತುವವರಿಗೆ ಹೊತ್ತಿನ ಲೆಕ್ಕ ಗೊತ್ತು. ಬೆಳಕು ಹರಿಯುತ್ತಿದ್ದ ಹಾಗೆ ಹತ್ತಬೇಕು, ಬಿಸಿಲು ಏರುವಷ್ಟರಲ್ಲಿ ಇಳಿದುಬಿಡಬೇಕು. ಏಪ್ರಿಲ್‌ನಲ್ಲೂ ಬೆಳಿಗ್ಗೆ ಆರೂವರೆಗೆ ಅಲ್ಲಿನ ಬಂಡೆ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲಿಗೆ ತಂಪು ಹತ್ತುತ್ತದೆ. ಹನ್ನೊಂದಕ್ಕೆ ಅದೇ ಬಂಡೆ ಕಾದ ಕಾವಲಿ. ರಾತ್ರಿಯೆಲ್ಲಾ ಕಳೆದುಕೊಂಡ ಶಾಖವನ್ನು ಕಲ್ಲು ನಾಲ್ಕೈದು ಗಂಟೆಯಲ್ಲಿ ವಾಪಸ್ ಪಡೆದಿರುತ್ತದೆ.

ಹಿಮ ಹೊದ್ದ ಜ್ವಾಲಾಮುಖಿಗಳ ಮೇಲೆ ಜೂನ್, ಜುಲೈನಲ್ಲಿ ಸ್ಕೀ ಮಾಡುವವರೂ, ಅಂದರೆ ಬೂಟಿಗೆ ಉದ್ದನೆ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರಿ ಇಳಿಯುವವರೂ, ಇಂಥದ್ದೇ ಲೆಕ್ಕ ಇಟ್ಟುಕೊಂಡಿರುತ್ತಾರೆ ಅಂತ ಗೊತ್ತಾಗಿದ್ದು ನನ್ನ ತಂಗಿ ಮಗನಿಂದ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ, ಈಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಹೋದ ಜೂನ್‌ನಲ್ಲಿ ಗೆಳೆಯರ ಜೊತೆ ಮೌಂಟ್ ಆಡಮ್ಸ್ ಹತ್ತಿ ಬಂದು ಫೋನ್ ಮಾಡಿದ. ಅದು 3,743 ಮೀಟರ್ ಎತ್ತರದ ಜ್ವಾಲಾಮುಖಿ.

"ಬೆಳಗಿನ ಜಾವ ಮೂರಕ್ಕೆ ಹೊರಟ್ವಿ ಮಾವ. ತಲೆಗೆ ಲೈಟು ಕಟ್ಕೊಂಡು ಹತ್ತಿದ್ವಿ. ಹತ್ತೂವರೆಗೆ ಮೇಲಿದ್ವಿ. ಆಮೇಲೆ ಒಂದು ಗಂಟೆ ಸುಮ್ನೆ ಕೂತಿದ್ವಿ."

"ಯಾಕೋ? ದಣಿವಾಗಿತ್ತಾ?"

"ಇಲ್ಲ ಮಾವ. ಹಿಮ ಇನ್ನೂ ಮೆತ್ತಗಾಗಿರಲಿಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕತ್ತಲಲ್ಲಿ ಎದ್ದು, ಏಳೆಂಟು ಗಂಟೆ ಏದುಸಿರು ಬಿಟ್ಟು ಹತ್ತಿದವರು ಶಿಖರದಲ್ಲಿ ಕೂತು ಬಿಸಿಲಿಗಾಗಿ ಕಾಯುತ್ತಾರೆ. ನಮ್ಮ ರೈತರು ಇದಕ್ಕೇ ‘ಹದ’ ಅನ್ನುವುದು. ಎರೆಹೊಲಕ್ಕೆ ಮಳೆ ಬಿದ್ದ ಮಾರನೇ ದಿನವೇ ಇಳಿದರೆ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಜಾಸ್ತಿ ದಿನ ಬಿಟ್ಟರೆ ಹೆಂಟೆ ಕಲ್ಲಾಗುತ್ತದೆ. ನಡುವೆ ಒಂದೆರಡು ದಿನ ಮಾತ್ರ ಮಣ್ಣು ಕೂರಿಗೆಗೆ ಹೇಳಿದ ಹಾಗೆ ಕೇಳುತ್ತದೆ. ಹಿಮಕ್ಕೂ ಹದ ಇದೆ. ಆದರೆ ಅದು ದಿನಗಟ್ಟಲೆ ಇರುವುದಿಲ್ಲ. ಒಂದು ಗಂಟೆ, ಹೆಚ್ಚೆಂದರೆ ಎರಡು.

ಹದಕ್ಕೆ ಬಂದ ಈ ಹಿಮವನ್ನು ಸ್ಕೀ ಮಾಡುವವರು ‘ಕಾರ್ನ್’ ಅನ್ನುತ್ತಾರೆ. ಕಾಳು ಅಂದುಕೊಳ್ಳಿ. ಗಾತ್ರದಲ್ಲಿ ದಾವಣಗೆರೆ ಮಂಡಿಗೆ ಬರುವ ಮೆಕ್ಕೆಜೋಳಕ್ಕಿಂತ ಬಹಳ ಸಣ್ಣದು. ಸಬ್ಬಕ್ಕಿಗೆ ಹೋಲಿಸಬಹುದು. ಆಗ ತಾನೇ ಬಿದ್ದ ಹಿಮದ ಹರಳಿಗೆ ಆರು ತೋಳು ಇರುತ್ತವೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವುದು ಶುರುವಾದರೆ ಆ ಚೂಪು ತುದಿಗಳೇ ಮೊದಲು ಹೋಗುತ್ತವೆ. ಸಣ್ಣ ಚೂರುಗಳು ಕರಗಿ, ಆ ನೀರು ದೊಡ್ಡ ಕಾಳಿಗೆ ಸೇರಿಕೊಳ್ಳುತ್ತದೆ. ಹೀಗೆ ಹಲವು ಹಗಲು, ಹಲವು ರಾತ್ರಿ ಕಳೆದ ಮೇಲೆ ಗುಂಡು ಗುಂಡಾದ ಕಾಳು ಉಳಿಯುತ್ತವೆ.

ಇನ್ನು ನಮ್ಮೂರಿನ ಮಂಡಕ್ಕಿ ಉಂಡೆ ನೆನಪಿಸಿಕೊಳ್ಳಿ. ಬೆಲ್ಲದ ಪಾಕ ಬಿಸಿಯಿದ್ದಾಗ ಮಂಡಕ್ಕಿ ಸಡಿಲ. ಪಾಕ ಆರಿದರೆ ಉಂಡೆ ಕಲ್ಲು. ಹಿಮದ ಕಾಳುಗಳ ನಡುವೆ ಪಾಕದ ಕೆಲಸ ಮಾಡುವುದು ನೀರು. ರಾತ್ರಿ ಅದು ಹೆಪ್ಪುಗಟ್ಟಿ ಇಡೀ ಇಳಿಜಾರನ್ನು ಬೆಸೆದುಬಿಡುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಿನ ಒಂದೆರಡು ಬೆರಳಿನಷ್ಟು ಬೆಸುಗೆ ಮಾತ್ರ ಬಿಡುತ್ತದೆ. ಕೆಳಗೆ ಗಟ್ಟಿ ನೆಲ, ಮೇಲೆ ಸಡಿಲ ಕಾಳು. ಸ್ಕೀ ಅಂಚು ಹಿಡಿಯುತ್ತದೆ, ತಿರುಗಿಸಿದ ಕಡೆ ತಿರುಗುತ್ತದೆ, ಹೂತುಹೋಗುವುದಿಲ್ಲ. ಇದೇ ಹದ.

ಬಿಸಿಲು ಬಿದ್ದ ಕೂಡಲೇ ಎಲ್ಲಾ ಕರಗಿ ಯಾಕೆ ಹರಿದುಹೋಗುವುದಿಲ್ಲ? ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು ಶಾಖ ಅದು. ಇದನ್ನು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಅದರ ಮೇಲೆ ಜನ ಪ್ರಾಣ ಇಟ್ಟು ಇಳಿಯುತ್ತಾರೆ ಅಂತ ಹೊಳೆದಿರಲಿಲ್ಲ.

ಹದ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಅವನೇ ಹೇಳಿದ. ಬೇಗ ಇಳಿದರೆ ಇಳಿಜಾರು ಗಾಜು. ಜಾರಿ ಬಿದ್ದವನಿಗೆ ನಿಲ್ಲಲು ಆಸರೆ ಸಿಗುವುದಿಲ್ಲ. ತಡವಾದರೆ ಹಿಮ ಗಂಜಿ. ಇಡೀ ಪದರವೇ ಒದ್ದೆಯಾಗಿ, ಭಾರವಾಗಿ, ನಿಧಾನವಾಗಿ ಕದಲುತ್ತದೆ. ನೋಡಲು ನಿಧಾನ, ಆದರೆ ಅದರೊಳಗೆ ಸಿಕ್ಕಿದವರನ್ನು ಹಿಸುಕಿಬಿಡುತ್ತದೆ. ಅದಕ್ಕೇ ಅಲ್ಲಿ ಅನುಭವಸ್ಥರು ಸಂಜೆ ಮುಗಿಲು ನೋಡುತ್ತಾರೆ. ರಾತ್ರಿ ಹಿಮ ಹೆಪ್ಪುಗಟ್ಟದಿದ್ದರೆ ಆ ದಿನ ಹತ್ತುವುದೇ ಇಲ್ಲ.

ಮುಗಿಲಿಗೂ ಹಿಮಕ್ಕೂ ಏನು ಸಂಬಂಧ? ನನಗೆ ಇಡೀ ವಿಷಯದಲ್ಲಿ ಅತಿ ಚೆಂದ ಅನ್ನಿಸಿದ್ದು ಇದೇ. ನಮ್ಮ ಮನೆ ಮುಂದೆ ಒಂದು ಬೇವಿನ ಮರ ಇದೆ. ಜನವರಿಯ ಬೆಳಿಗ್ಗೆ ಮರದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಒಣಗಿರುತ್ತದೆ. ನಾಲ್ಕು ಮಾರು ದೂರದಲ್ಲಿ, ಬಯಲಲ್ಲಿ ನಿಲ್ಲಿಸಿದ ಬೈಕಿನ ಸೀಟು ಇಬ್ಬನಿಗೆ ತೊಯ್ದಿರುತ್ತದೆ. ಕೈಯಿಂದ ಒರೆಸಿದರೆ ನೀರು ಇಳಿಯುತ್ತದೆ. ಎರಡರ ಸುತ್ತ ಇರುವುದೂ ಒಂದೇ ಗಾಳಿ. ವ್ಯತ್ಯಾಸ ತಲೆ ಮೇಲಿನ ಆಕಾಶದ್ದು. ಎಲ್ಲಾ ವಸ್ತುಗಳೂ ಕಣ್ಣಿಗೆ ಕಾಣದ ಶಾಖದ ಕಿರಣ ಬಿಡುತ್ತಲೇ ಇರುತ್ತವೆ. ಮರದ ಕೆಳಗಿನ ಸೀಟು ಕಳೆದುಕೊಂಡಿದ್ದನ್ನು ಎಲೆಗಳು ಬಹುಪಾಲು ತಿರುಗಿ ಕೊಡುತ್ತವೆ. ಬಯಲ ಸೀಟಿಗೆ ಹಾಗೆ ಕೊಡುವವರಿಲ್ಲ. ಅದು ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಹಿಡಿಯುತ್ತದೆ.

ಹಿಮ ಈ ಕೆಲಸದಲ್ಲಿ ಬಲು ಗಟ್ಟಿಗ. ಹಗಲು ಬೆಳಕನ್ನು ಬಹುಪಾಲು ವಾಪಸ್ ಕಳಿಸುವ ಬಿಳಿ ಹಿಮ, ರಾತ್ರಿ ಶಾಖದ ಕಿರಣ ಬಿಡುವುದರಲ್ಲಿ ಕಪ್ಪು ಕಾವಲಿಯ ಹಾಗೆ ವರ್ತಿಸುತ್ತದೆ. ಹಾಗಾಗಿ ತಿಳಿಯಾದ ಒಣ ರಾತ್ರಿಯಲ್ಲಿ ಗಾಳಿ ಸೊನ್ನೆಗಿಂತ ಮೂರ್ನಾಲ್ಕು ಡಿಗ್ರಿ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಬಲ್ಲದು. ಮೋಡ ಕವಿದರೆ ಅದು ಕಂಬಳಿ ಹೊದಿಸಿದ ಹಾಗೆ. ಶಾಖ ಹೊರಗೆ ಹೋಗುವುದಿಲ್ಲ, ಹಿಮ ಬೆಸೆಯುವುದಿಲ್ಲ.

ಇದು ನಮ್ಮ ದೇಶಕ್ಕೆ ಹೊಸ ವಿದ್ಯೆಯೇನೂ ಅಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಅಲಹಾಬಾದ್ ಕಡೆ ಚಳಿಗಾಲದ ರಾತ್ರಿ ಗುಂಡಿ ತೋಡಿ, ಒಣ ದಂಟು, ಕಬ್ಬಿನ ಸಿಪ್ಪೆ ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಐಸ್ ಮಾಡುತ್ತಿದ್ದರು. ರಾಬರ್ಟ್ ಬಾರ್ಕರ್ ಎಂಬ ಬ್ರಿಟಿಷ್ ಅಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ವಿವರಿಸಿ ಬರೆದ. ಕೆಳಗಿನ ಹಾಸು ನೆಲದ ಶಾಖ ತಡೆಯುತ್ತಿತ್ತು. ತೆರೆದ ತಟ್ಟೆಯ ಶಾಖ ಆಕಾಶಕ್ಕೆ ಹೋಗುತ್ತಿತ್ತು, ನೀರಿನ ಆವಿಯ ಜೊತೆಗೂ ಹೋಗುತ್ತಿತ್ತು. ಮೌಂಟ್ ಆಡಮ್ಸ್‌ನ ಇಳಿಜಾರು ಅಂಥದ್ದೇ ಒಂದು ದೊಡ್ಡ ತಟ್ಟೆ.

ಅಲ್ಲಿ ಬೇಸಿಗೆಯಲ್ಲೇ ಮುಗಿಲು ತಿಳಿಯಾಗಿರುವುದು ಅವರ ಅದೃಷ್ಟ. ನಮಗೆ ಜೂನ್ ಅಂದರೆ ಮಳೆ. ಅವರ ಕಡೆ ಮಳೆ, ಹಿಮ ಎಲ್ಲಾ ಚಳಿಗಾಲದ್ದು. ಪೆಸಿಫಿಕ್ ಸಾಗರದ ತೇವದ ಗಾಳಿ ಕ್ಯಾಸ್ಕೇಡ್ ಎಂಬ ಪರ್ವತಸಾಲಿಗೆ ಬಡಿದು ಅಲ್ಲೇ ಸುರಿದುಬಿಡುತ್ತದೆ. ಪಶ್ಚಿಮ ಘಟ್ಟ ಆಗುಂಬೆಗೆ ಕೊಟ್ಟು ಚಳ್ಳಕೆರೆಗೆ ಕೈ ಬಿಗಿ ಹಿಡಿಯುತ್ತದಲ್ಲ, ಹಾಗೆ. ಆ ಸಾಲಿನ ಮೌಂಟ್ ಬೇಕರ್ ಎಂಬ ಜ್ವಾಲಾಮುಖಿಯ ಪಕ್ಕದ ಸ್ಕೀ ತಾಣದಲ್ಲಿ 1998-99ರ ಒಂದೇ ಚಳಿಗಾಲದಲ್ಲಿ ಒಟ್ಟು ಸುಮಾರು 29 ಮೀಟರ್ ಹಿಮ ಬಿತ್ತು. ಅಷ್ಟು ಬಿದ್ದರೆ ಬೇಸಿಗೆಗೂ ಉಳಿಯುತ್ತದೆ. ಎತ್ತರದಲ್ಲಿ ವರ್ಷ ವರ್ಷದ ಹಿಮ ಒಂದರ ಮೇಲೊಂದು ಕೂತು, ಒತ್ತಿ, ಐಸ್ ಆಗಿ, ತನ್ನ ಭಾರಕ್ಕೆ ತಾನೇ ಕೆಳಗೆ ಹರಿಯಲು ಶುರು ಮಾಡಿದರೆ ಅದೇ ಹಿಮನದಿ.

ಹತ್ತುವುದು ಹೇಗೆ ಅಂತಲೂ ಕೇಳಿದೆ. ಸ್ಕೀ ಅಡಿಗೆ ಒಂದು ಪಟ್ಟಿ ಅಂಟಿಸುತ್ತಾರೆ. ಅದಕ್ಕೆ ‘ಸ್ಕಿನ್’ ಅಂತಲೇ ಹೆಸರು. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮ, ಈಗ ಮೇಕೆಯ ಉಣ್ಣೆ ಅಥವಾ ನೈಲಾನ್. ಎತ್ತಿನ ಬೆನ್ನನ್ನು ಹೆಗಲಿಂದ ಬಾಲದ ಕಡೆ ಸವರಿ ನೋಡಿ, ಕೈ ನುಣ್ಣಗೆ ಹೋಗುತ್ತದೆ. ಎದುರು ಸವರಿದರೆ ರೋಮ ತಡೆಯುತ್ತದೆ. ಆ ಪಟ್ಟಿಯೂ ಹಾಗೇ. ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದು. ಇಳಿಜಾರು ಕಡಿದಾದಾಗ ಸ್ಕೀಯನ್ನು ಬೆನ್ನಿಗೆ ಕಟ್ಟಿ, ಬೂಟಿಗೆ ಕಬ್ಬಿಣದ ಮುಳ್ಳು ತೊಟ್ಟು ಹತ್ತುತ್ತಾರೆ. ಇಳಿಯುವಾಗ ಪಟ್ಟಿ ಕಿತ್ತು ಚೀಲಕ್ಕೆ ಹಾಕುತ್ತಾರೆ. ಆಗ ಸ್ಕೀ ಯಾಕೆ ಅಷ್ಟು ಸಲೀಸಾಗಿ ಜಾರುತ್ತದೆ ಅನ್ನುವುದಕ್ಕೆ 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ಪ್ರಯೋಗ ಮಾಡಿ ಉತ್ತರ ಕೊಟ್ಟರು. ಉಜ್ಜಾಟದ ಶಾಖಕ್ಕೆ ಅಡಿಯಲ್ಲಿ ತೆಳ್ಳನೆ ನೀರಿನ ಪೊರೆ ಹುಟ್ಟುತ್ತದೆ.

ಸ್ಕೀಯಿಂದ ಇನ್ನೊಂದು ಉಪಕಾರ ಇದೆ. ಹಿಮನದಿ ಹರಿಯುವಾಗ ಅಡಿಯ ಐಸ್ ಭಾರಕ್ಕೆ ನಿಧಾನವಾಗಿ ಬಾಗುತ್ತದೆ. ಮೇಲಿನ ಸುಮಾರು 30 ಮೀಟರ್ ಬಾಗಲಾರದೆ ಬಿರಿಯುತ್ತದೆ. ಆ ಬಿರುಕುಗಳ ಬಾಯಿಯನ್ನು ಹಿಮ ಮುಚ್ಚಿರುತ್ತದೆ. ಮೇಲೆ ನೋಡಿದರೆ ಬರೀ ಬಿಳಿ ಬಯಲು. ಒಂದು ಮೀಟರ್ 70 ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಎರಡು ಸ್ಕೀ ಅಂದರೆ 3,400 ಚದರ ಸೆಂಟಿಮೀಟರ್. ಎರಡು ಬೂಟಿನ ಅಡಿ ಅದರ ಆರನೇ ಒಂದು ಪಾಲೂ ಇರಲಾರದು. ಭಾರ ಹಂಚಿಹೋದಷ್ಟೂ ಹಿಮದ ಸೇತುವೆ ತಾಳುತ್ತದೆ. ಆದರೂ ಬಿರುಕಿರುವ ಕಡೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡೇ ಹತ್ತುತ್ತಾರೆ. ನಮ್ಮ ಹುಡುಗ ಹೋದ ದಕ್ಷಿಣದ ದಾರಿಯಲ್ಲಿ ಬಿರುಕು ಕಡಿಮೆಯಂತೆ. ಅವರಮ್ಮನಿಗೆ ನಾನು ಮೊದಲು ಹೇಳಿದ್ದು ಅದನ್ನೇ.

ಅವಳು ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದು. "ಅಣ್ಣ, ಜ್ವಾಲಾಮುಖಿ ಅಂತೀಯ, ಮೇಲೆ ಐಸ್ ಹೇಗಿರುತ್ತೆ?"

ಕಲ್ಲು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಕರಗಿದ ಕಲ್ಲು ಕಿಲೋಮೀಟರುಗಟ್ಟಲೆ ಆಳದಲ್ಲಿ ಇರುತ್ತದೆ. ಅದರ ಬಿಸಿ ಮೇಲೆ ಬರುವುದು ಹೆಚ್ಚಾಗಿ ಬಿರುಕುಗಳ ಮೂಲಕ, ಹಬೆಯಾಗಿ. ಆಡಮ್ಸ್ ಶಿಖರದಲ್ಲಿ ಗಂಧಕ ಕೂಡಿದ್ದು ಹಾಗೆ. 1930ರ ದಶಕದಲ್ಲಿ ಅದನ್ನು ತೆಗೆಯುವ ಆಸೆಗೆ ಶಿಖರದವರೆಗೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಿದ್ದರು. ಪಕ್ಕದ ಮೌಂಟ್ ರೇನಿಯರ್‌ನ ತುದಿಯಲ್ಲಿ ಹಬೆ ಐಸ್ ಕೊರೆದು ಗುಹೆಗಳನ್ನೇ ಮಾಡಿದೆ. 1870ರ ಆಗಸ್ಟ್‌ನಲ್ಲಿ ಅದನ್ನು ಹತ್ತಿದ ಹಜಾರ್ಡ್ ಸ್ಟೀವನ್ಸ್ ಮತ್ತು ವ್ಯಾನ್ ಟ್ರಂಪ್ ಕತ್ತಲಾಗಿ ಇಳಿಯಲಾರದೆ ಅಂಥ ಒಂದು ಗುಹೆಯಲ್ಲಿ ರಾತ್ರಿ ಕಳೆದರು. ಒಂದು ಕಡೆ ಐಸ್, ಒಂದು ಕಡೆ ಹಬೆ. ಬದುಕಿ ಬಂದರು.

ಇನ್ನೊಂದು ಜ್ವಾಲಾಮುಖಿ, ಸೇಂಟ್ ಹೆಲೆನ್ಸ್. 1980ರ ಮೇ 18ರಂದು ಸಿಡಿದು 57 ಜನ ಸತ್ತರು. ಬೆಟ್ಟದ ತುದಿ 400 ಮೀಟರ್ ಹಾರಿಹೋಯಿತು. ಆಶ್ಚರ್ಯ ಏನೆಂದರೆ, ಸಿಡಿದ ಆ ಬಾಯಿಯೊಳಗೇ ಆಮೇಲೆ ಒಂದು ಹೊಸ ಹಿಮನದಿ ಹುಟ್ಟಿತು. ಬಾಯಿಯ ಗೋಡೆ ನೆರಳು ಕೊಟ್ಟಿತು. ಗೋಡೆಯಿಂದ ಉದುರಿದ ಕಲ್ಲು ಹಿಮವನ್ನು ಮುಚ್ಚಿ ಕಾಪಾಡಿತು. ತೆಳ್ಳಗೆ ಬೂದಿ ಬಿದ್ದರೆ ಹಿಮ ಬೇಗ ಕರಗುತ್ತದೆ, ಕಪ್ಪು ಮೈ ಬಿಸಿಲು ಹೀರುತ್ತದೆ. ದಪ್ಪಗೆ ಬಿದ್ದರೆ ಅದೇ ಕಂಬಳಿಯಾಗುತ್ತದೆ. ಐಸ್ ಗಾಡಿಯವರು ಗಡ್ಡೆಯ ಮೇಲೆ ಹೊಟ್ಟು, ಗೋಣಿಚೀಲ ಹಾಕುವುದು ಇದಕ್ಕೇ. 2004ರಲ್ಲಿ ಮತ್ತೆ ಲಾವಾ ಉಬ್ಬಿ ಬಂದು ಆ ಹಿಮನದಿಯನ್ನು ಎರಡು ತೋಳಾಗಿ ಸೀಳಿತು. ಆದರೂ ಅದು ಉಳಿಯಿತು.

ಬೆಂಕಿ, ಐಸ್ ಜೊತೆಗಿದ್ದರೆ ಯಾವಾಗಲೂ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಜ್ ಸಿಡಿಯಿತು. ಸಿಡಿತ ದೊಡ್ಡದಾಗಿರಲಿಲ್ಲ. ಆದರೆ ಮೇಲಿನ ಹಿಮನದಿಯ ಒಂದು ಪಾಲು ಕರಗಿ, ಬೂದಿ, ಮಣ್ಣು, ಬಂಡೆ ಸೇರಿಸಿಕೊಂಡು ಕಣಿವೆಯಲ್ಲಿ ಇಳಿಯಿತು. ಆರ್ಮೆರೊ ಪಟ್ಟಣ ಮುಳುಗಿತು. ಸುಮಾರು 23,000 ಜನ ಸತ್ತರು. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು. ಕೆಸರು ಊರು ಮುಟ್ಟಲು ಎರಡು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತ್ತು. ಅಷ್ಟು ಹೊತ್ತು ಸಾಕಿತ್ತು, ಜನ ಹತ್ತಿರದ ದಿಬ್ಬ ಹತ್ತಲು.

ಡಿಸೆಂಬರ್‌ನಲ್ಲಿ ಹುಡುಗ ಊರಿಗೆ ಬಂದ. ಗಲ್ಲದ ಕೆಳಗೆ ಕಲೆ ಇನ್ನೂ ಇತ್ತು. ಹಿಮದ ಮೇಲೆ ಬಿಸಿಲು ಕೆಳಗಿಂದಲೂ ಸುಡುತ್ತದೆ. ಅವನನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋದೆ. ಚಿತ್ರದುರ್ಗಕ್ಕೆ ಹತ್ತಿರ. ಅಲ್ಲಿರುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದ ಪಿಲ್ಲೊ ಲಾವಾ. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ, ಹಸಿರು ಛಾಯೆಯ ಕಲ್ಲು. ಸುಮಾರು 250 ಕೋಟಿ ವರ್ಷ ಹಿಂದೆ ಇಲ್ಲಿ ಸಮುದ್ರದ ಅಡಿಯಲ್ಲಿ ಲಾವಾ ಉಕ್ಕಿತ್ತು. ನೀರು ತಾಗಿದ ಕೂಡಲೇ ಹೊರಮೈ ಗಟ್ಟಿ, ಒಳಗೆ ಇನ್ನೂ ಪಾಕ. ಆ ಪಾಕ ಸಿಪ್ಪೆ ಒಡೆದು ಹೊರಗೆ ಬಂದು ಇನ್ನೊಂದು ದಿಂಬು.

ಹಿಮನದಿಯ ಅಡಿಯಲ್ಲಿ ಲಾವಾ ಉಕ್ಕಿದರೂ ಇದೇ ಆಕಾರ ಬರುತ್ತದೆ. ಐಸ್ ಕರಗಿದ ನೀರಿನಲ್ಲಿ ಅದು ದಿಂಬಾಗುತ್ತದೆ. ಐಸ್‌ಲ್ಯಾಂಡಿನಲ್ಲಿ, ಕೆನಡಾದಲ್ಲಿ ಹಿಮ ಎಂದೋ ಹೋಗಿಬಿಟ್ಟ ಬೆಟ್ಟಗಳಲ್ಲಿ ದಿಂಬು ಲಾವಾ ಸಿಕ್ಕರೆ, ಒಂದು ಕಾಲಕ್ಕೆ ಇಲ್ಲಿ ಐಸ್ ಎಷ್ಟು ಎತ್ತರ ಇತ್ತು ಅಂತ ಅಂದಾಜು ಮಾಡುತ್ತಾರೆ.

ಹುಡುಗ ಕೂತು ಒಂದು ದಿಂಬಿನ ಅಂಚಿನಿಂದ ನಡುವಿಗೆ ಬೆರಳು ಎಳೆದ. ಅಂಚು ನುಣ್ಣಗೆ, ಬೇಗ ಆರಿದ ಭಾಗ. ನಡುವೆ ಸ್ವಲ್ಪ ತರಿ, ನಿಧಾನಕ್ಕೆ ಆರಿದ್ದು.

"ಮಾವ, ಇದು ಆರೋಕೆ ಎಷ್ಟು ಹೊತ್ತು ಹಿಡಿದಿರಬಹುದು?"

"ಸಿಪ್ಪೆಗೆ ಕ್ಷಣ ಸಾಕು ಕಣೋ. ಒಳಗಿನದ್ದಕ್ಕೆ ಜಾಸ್ತಿ ಬೇಕು."

ಅವನು ಅಂಗೈ ಕಲ್ಲಿನ ಮೇಲೆ ಇಟ್ಟುಕೊಂಡೇ ಇದ್ದ. ಏಳೂವರೆ ಆಗಿತ್ತು. ಕಲ್ಲು ರಾತ್ರಿಯ ತಂಪನ್ನು ಇನ್ನೂ ಬಿಟ್ಟಿರಲಿಲ್ಲ.