ಹಾಸನಕ್ಕೆ ಬರುವ ಹೊತ್ತಿಗೆ ನಿಮ್ಮ ಬ್ಯಾಗ್ ಎಷ್ಟು ಭಾರ?

ಶಿವರಾತ್ರಿಗೆ ನಾಲ್ಕೈದು ದಿನ ಇರುವಾಗ ನಮ್ಮ ಹಾಸನದ ರಸ್ತೆಗಳಲ್ಲಿ ಕುಂಟುತ್ತಾ ನಡೆಯುವವರ ಸಾಲು ಶುರುವಾಗುತ್ತದೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳು. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಸುಮಾರು 180 ಕಿಲೋಮೀಟರ್ ಆಗಿರುತ್ತದೆ. ನಾನು ಫಿಸಿಯೋಥೆರಪಿಸ್ಟ್. ವರ್ಷವೆಲ್ಲ ಸೊಂಟ, ಮಂಡಿ, ಭುಜ ನೋಡುವವಳು. ಆ ಮೂರು ದಿನ ಮಾತ್ರ ಸೇವಾ ಟೆಂಟಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಬರೀ ಪಾದ ನೋಡುತ್ತೇನೆ.

ಒಂದು ವರ್ಷ ಇಪ್ಪತ್ತಾರು ಇಪ್ಪತ್ತೇಳರ ಹುಡುಗನೊಬ್ಬ ಬಂದು ಕೂತ. ಎರಡೂ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. "ಟೇಪ್ ನನ್ನ ಹತ್ರಾನೇ ಇದೆ ಮೇಡಂ, ಒಂದ್ನಿಮಿಷ" ಅಂತ ಬ್ಯಾಗ್ ಬಿಚ್ಚಿದ. ಎರಡು ಜೀನ್ಸ್ ಪ್ಯಾಂಟು, ದಪ್ಪ ರಗ್ಗು, ದೊಡ್ಡ ಶಾಂಪೂ ಬಾಟಲಿ, ಫೋನ್ ನಿಲ್ಲಿಸುವ ಟ್ರೈಪಾಡು, ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿ. ಎಲ್ಲದರ ತಳದಲ್ಲಿ, ಸೀಲ್ ಕೂಡ ಒಡೆಯದ ಟೇಪು. ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಹನ್ನೊಂದು ಕೆ.ಜಿ. ಹುಡುಗ ಇದ್ದದ್ದೇ ಅರವತ್ತು ಕೆ.ಜಿ. ಕೋಡುಬಳೆಯನ್ನು ಟೆಂಟಿನವರೆಲ್ಲ ಸೇರಿ ಮುಗಿಸಿದೆವು, ಉಳಿದದ್ದು ಬಸ್ಸಿನಲ್ಲಿ ವಾಪಸ್ ಹೋಯಿತು.

ಇದು ಅವನೊಬ್ಬನ ಕಥೆಯಲ್ಲ. ಮೊದಲ ಸಲ ಹೊರಡುವವರು ಹಿಂದಿನ ರಾತ್ರಿ ಕೂತು ಬ್ಯಾಗ್ ತುಂಬುತ್ತಾರೆ, ಬೇಕಾಗಬಹುದು ಅನ್ನಿಸಿದ್ದೆಲ್ಲ ಒಳಗೆ ಹೋಗುತ್ತದೆ. ನನ್ನ ಪ್ರಕಾರ ಬ್ಯಾಗ್ ತುಂಬುವ ಕೆಲಸಕ್ಕೆ ಎರಡು ತಿಂಗಳು ಬೇಕು. ಶೂ, ಸಾಕ್ಸ್, ಬ್ಯಾಗು, ಟೇಪು, ತಿನ್ನುವ ಬಿಸ್ಕತ್ತು ಕೂಡ, ನಿಮ್ಮ ಮೈಮೇಲೆ ಕನಿಷ್ಠ ಒಂದು ಸಲ ಇಪ್ಪತ್ತು ಕಿಲೋಮೀಟರ್ ನಡೆದಿರಬೇಕು. ಹಾಗೆ ನಡೆದಿರದ ಯಾವುದನ್ನೂ ದಾರಿಯಲ್ಲಿ ಹೊಸದಾಗಿ ಶುರು ಮಾಡಬೇಡಿ.

ಮೊದಲು ದಿನದ ಲೆಕ್ಕ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ಮೇಲೆ ಹೋದರೆ ಒಟ್ಟು ದಾರಿ 300 ಕಿಲೋಮೀಟರ್ ದಾಟುತ್ತದೆ. ತಂಡಗಳು ಇದನ್ನು ಏಳೆಂಟು ದಿನದಲ್ಲಿ ಮುಗಿಸುತ್ತವೆ. ಅಂದರೆ ದಿನಕ್ಕೆ ನಲವತ್ತರ ಹತ್ತಿರ. ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಹಿಡಿದರೂ ಒಂಬತ್ತು ಗಂಟೆ ಬರೀ ನಡಿಗೆ. ಊಟ, ನಿದ್ದೆ, ಶೌಚ ಬೇರೆ. ಹತ್ತು ವರ್ಷದಿಂದ ಹೋಗುತ್ತಿರುವ ಮಾವನಿಗೆ ಇದು ಸರಿ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಮೊದಲ ಸಲವೇ ಇದು ಜಾಸ್ತಿ. ಎರಡು ದಿನ ಮೊದಲೇ ಹೊರಡಿ, ಇಲ್ಲವೇ ಹಾಸನದವರೆಗೆ ಬಸ್ಸಿನಲ್ಲಿ ಬಂದು ಇಲ್ಲಿಂದ ನಡೆಯಿರಿ. ಇಲ್ಲಿಂದಲೂ ಸುಮಾರು 130 ಕಿಲೋಮೀಟರ್ ಇದೆ, ನಾಲ್ಕು ದಿನದ ದಾರಿ. ಹಾಗೆ ಬಂದರೆ ಪುಣ್ಯ ಕಡಿಮೆ ಆಗುತ್ತಾ ಅಂತ ಒಬ್ಬರು ಕೇಳಿದ್ದರು. ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ.

ಅಭ್ಯಾಸಕ್ಕೆ ಎಂಟು ವಾರ ಸಾಕು. ವಾರದಲ್ಲಿ ಮೂರು ದಿನ ಐದಾರು ಕಿಲೋಮೀಟರ್, ಶನಿವಾರ ಉದ್ದದ ನಡಿಗೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಮಾಡದೇ ಬಿಡುವುದು ಭಾನುವಾರದ ನಡಿಗೆ. ಪಾದಯಾತ್ರೆಯ ಕಷ್ಟ ಇರುವುದು ನಲವತ್ತು ನಡೆದ ಮರುದಿನ ಬೆಳಿಗ್ಗೆ ಎದ್ದು ಮತ್ತೆ ನಡೆಯುವುದರಲ್ಲಿ. ಅದಕ್ಕೇ ಶನಿವಾರ ಹದಿನೈದು ಮಾಡಿದರೆ ಭಾನುವಾರ ಹನ್ನೆರಡು ಮಾಡಿ. ನಿಧಾನವಾಗಿ ಶನಿವಾರ ಇಪ್ಪತ್ತೈದು, ಭಾನುವಾರ ಇಪ್ಪತ್ತಕ್ಕೆ ಬನ್ನಿ. ಪಾರ್ಕಿನ ಮಣ್ಣಿನಲ್ಲಿ ಅಲ್ಲ, ಡಾಂಬರಿನ ಮೇಲೆ. ಕೊನೆಯ ವಾರ ಕಾಲಿಗೆ ರಜೆ ಕೊಡಿ. ಆ ವಾರದಲ್ಲಿ ಹೆಚ್ಚು ನಡೆದು ಯಾರೂ ಗಟ್ಟಿ ಆಗುವುದಿಲ್ಲ, ನೋವು ಮಾಡಿಕೊಳ್ಳುತ್ತಾರೆ ಅಷ್ಟೆ.

ಶೂ ವಿಷಯದಲ್ಲಿ ನಾನೇ ಕೆಟ್ಟ ಉದಾಹರಣೆ. ನಾನು ಮೊದಲ ಸಲ ನಡೆದಾಗ ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ಹೊಸ ಶೂ ತಗೊಂಡೆ. ಬೆಳಿಗ್ಗೆ ಅಂಗಡಿಗೆ ಹೋಗಿದ್ದೆ, ಕರೆಕ್ಟಾಗಿ ಕೂತಿತು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದರು ಅಂಗಡಿಯವರು. ಶೂ ಸಡಿಲ ಆಗಲಿಲ್ಲ, ಕಾಲು ಊದಿತು. ಚಾರ್ಮಾಡಿ ಇಳಿದು ಮುಗಿಸುವಾಗ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದ್ದವು. ತಿಂಗಳಲ್ಲಿ ಉದುರಿದವು. ರೋಗಿಗಳಿಗೆ ಬುದ್ಧಿ ಹೇಳುವವಳ ಗತಿ ಇದು!

ದಿನವಿಡೀ ನಡೆದಾಗ ಪಾದ ಊದುತ್ತದೆ. ಅದಕ್ಕೇ ಶೂ ಸಂಜೆ ಹೊತ್ತು ತಗೊಳ್ಳಿ, ನಡೆಯುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಟ್ರೆಕ್ಕಿಂಗಿನ ಎತ್ತರದ ಬೂಟು ಬೇಡ, ಇದು ಟಾರು ರೋಡು. ಓಟಕ್ಕೆ ಹಾಕುವ ಹಗುರ ಶೂ ಸಾಕು. ಜೊತೆಗೆ ಪಟ್ಟಿ ಇರುವ ಸ್ಯಾಂಡಲ್ ಒಂದು ಜೊತೆ. ಮಧ್ಯಾಹ್ನದ ಮೇಲೆ ಅದಕ್ಕೆ ಬದಲಾಯಿಸಿದರೆ, ಬೆಳಿಗ್ಗೆಯಿಂದ ಉಜ್ಜಿದ ಜಾಗಕ್ಕೆ ಬಿಡುವು ಸಿಗುತ್ತದೆ.

ಈಗ ಬೊಬ್ಬೆ. ಬಿಸಿ, ಬೆವರು, ಉಜ್ಜಾಟ ಮೂರೂ ಸೇರಿದರೆ ಬೊಬ್ಬೆ. ಒದ್ದೆ ಚರ್ಮ ಸಾಕ್ಸಿಗೆ ಅಂಟಿಕೊಳ್ಳುತ್ತದೆ, ಒಳಗಿನ ಮೂಳೆ ಮುಂದಕ್ಕೆ ಸರಿಯುತ್ತದೆ, ನಡುವಿನ ಪದರ ಹರಿದು ನೀರು ತುಂಬುತ್ತದೆ. ಕಾಟನ್ ಸಾಕ್ಸ್ ಬೆವರು ಹೀರಿ ಹಾಗೇ ಇಟ್ಟುಕೊಳ್ಳುವುದರಿಂದ ಬೇಡ ಅನ್ನುತ್ತೇನೆ. ತೆಳು ಸಿಂಥೆಟಿಕ್ ಸಾಕ್ಸ್ ಒಳಗೆ, ಅದರ ಮೇಲೆ ಇನ್ನೊಂದು. ಆಗ ಉಜ್ಜಾಟ ಸಾಕ್ಸಿಗೂ ಸಾಕ್ಸಿಗೂ ನಡೆಯುತ್ತದೆ, ಚರ್ಮ ಬಚಾವ್. ಎರಡು ಗಂಟೆಗೊಮ್ಮೆ ಕೂತು ಶೂ ಬಿಚ್ಚಿ, ಕಾಲು ಒಣಗಿಸಿ, ಸಾಕ್ಸ್ ಬದಲಾಯಿಸಿ. ಒದ್ದೆಯಾದದ್ದನ್ನು ಬ್ಯಾಗಿಗೆ ಪಿನ್ನು ಹಾಕಿ ನೇತುಬಿಟ್ಟರೆ ಬಿಸಿಲಿಗೆ ಒಣಗುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಪೇಪರ್ ಟೇಪು ಈ ದಾರಿಯಲ್ಲಿ ಬಂಗಾರ. ಆರು ಹಂತದ 250 ಕಿಲೋಮೀಟರ್ ಓಟದಲ್ಲಿ 128 ಓಟಗಾರರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಟೇಪು ಹಾಕಿದ ಜಾಗದಲ್ಲಿ ಬೊಬ್ಬೆ ಸುಮಾರು 40 ಪರ್ಸೆಂಟ್ ಕಡಿಮೆ. ಆದರೆ ಟೇಪು ಹಾಕಬೇಕಾದ್ದು ಬೊಬ್ಬೆ ಏಳುವ ಮುಂಚೆ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳು, ಈ ಮೂರು ಕಡೆಗೆ ಬೆಳಿಗ್ಗೆಯೇ ಹಾಕಿ. ನಡೆಯುವಾಗ ಎಲ್ಲಾದರೂ ಚುರುಚುರು ಅಂದರೆ ಆಗಲೇ ನಿಲ್ಲಿ. "ಮುಂದಿನ ಟೆಂಟಿನಲ್ಲಿ ನೋಡೋಣ" ಅಂದವರೇ ನನ್ನ ಮುಂದೆ ಬಂದು ಕೂರುತ್ತಾರೆ.

ಎದ್ದ ಬೊಬ್ಬೆ ಸಣ್ಣದಿದ್ದು ನೋವಿಲ್ಲದಿದ್ದರೆ ಮುಟ್ಟಬೇಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ನೀರು ಒತ್ತಿ ತೆಗೆದು, ಬೆಟಾಡಿನ್ ಹಚ್ಚಿ ಮುಚ್ಚಿ. ಮೇಲಿನ ಚರ್ಮ ಕೀಳಬೇಡಿ, ಅದಕ್ಕಿಂತ ಒಳ್ಳೆ ಬ್ಯಾಂಡೇಜ್ ಯಾವ ಕಂಪನಿಯೂ ಮಾಡಿಲ್ಲ. ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೆ ಬಿಟ್ಟುಕೊಂಡು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ದಾರದ ಜೊತೆ ರಸ್ತೆಯ ಕೊಳೆಯೂ ಒಳಗೆ ಹೋಗುತ್ತದೆ. ದಯವಿಟ್ಟು ಬೇಡ. ಸಂಜೆ ಬಿಸಿನೀರಿನಲ್ಲಿ ಕಾಲು ಅದ್ದಿ ಕೂರುವುದೂ ಬೇಡ, ಚರ್ಮ ಇನ್ನೂ ಮೆತ್ತಗಾಗುತ್ತದೆ.

ಬರಿಗಾಲಿನ ಹರಕೆ ಹೊತ್ತವರಿಗೆ ನಾನು ಬೇಡ ಅನ್ನುವುದಿಲ್ಲ, ಅನ್ನಿಸಿಕೊಳ್ಳುವವರೂ ಅಲ್ಲ ಅವರು. ಅಂಥವರು ಎರಡು ತಿಂಗಳ ಅಭ್ಯಾಸವನ್ನೂ ಬರಿಗಾಲಲ್ಲೇ ಮಾಡಬೇಕು, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಟಾರಿನ ಮೇಲೆ ಕಾಲಿಡಬಾರದು. ಆದರೆ ಶುಗರ್ ಇದ್ದವರ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಹಲವು ವರ್ಷ ಶುಗರ್ ಇದ್ದರೆ ಪಾದಕ್ಕೆ ಸ್ಪರ್ಶ ಕಡಿಮೆ ಆಗಿರಬಹುದು. ಟೆಂಟಿನಲ್ಲಿ ಒಬ್ಬ ಯಜಮಾನರ ಪಾದದಿಂದ ಗಾಜಿನ ಚೂರು ತೆಗೆದೆ. ಅವರಿಗೆ ಅದು ಚುಚ್ಚಿದ್ದೇ ಗೊತ್ತಿರಲಿಲ್ಲ. "ನೋವಿಲ್ಲವಲ್ಲ ತಾಯಿ" ಅಂದರು, ಸಂತೋಷದಿಂದ. ಆ ಸ್ಥಿತಿಯಲ್ಲಿ ಬರಿಗಾಲು ಖಂಡಿತ ಬೇಡ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ತಗೊಳ್ಳುವವರು ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಡೋಸ್ ಕೇಳಿ. ಇಷ್ಟು ನಡೆದಾಗ ಶುಗರ್ ಪಾತಾಳಕ್ಕೆ ಇಳಿಯಬಹುದು. ಕೈಗೆ ಸಿಗುವ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಲ್ಲವೇ ಬೆಲ್ಲದ ಅಚ್ಚು ಇರಲಿ.

ಹೆಚ್ಚಿನ ತಂಡಗಳ ಜೊತೆ ಲಗೇಜ್ ಟೆಂಪೊ ಇರುತ್ತದೆ. ಹಾಗಿದ್ದರೆ ಬ್ಯಾಗು ಎರಡು ಮಾಡಿ. ಟೆಂಪೊಗೆ ಹೋಗುವುದರಲ್ಲಿ ಚಾಪೆ, ತೆಳು ಹೊದಿಕೆ, ಎರಡು ಜೊತೆ ಬಟ್ಟೆ, ಬೆಳಗಿನ ಜಾವದ ಚಳಿಗೆ ಒಂದು ಸ್ವೆಟರ್. ಬೆನ್ನಿನ ಮೇಲೆ ಮೂರು ಕೆ.ಜಿ. ಮೀರದಂತೆ ನೀರು, ಎರಡು ಜೊತೆ ಸಾಕ್ಸ್, ಟೇಪು, ಕತ್ತರಿ, ವ್ಯಾಸಲೀನ್, ಟಾರ್ಚು, ಟೋಪಿ, ನಿಮ್ಮ ದಿನನಿತ್ಯದ ಮಾತ್ರೆ. ಮಾತ್ರೆಗಳನ್ನು ಟೆಂಪೊದಲ್ಲಿ ಇಡಬೇಡಿ, ಅದು ಯಾವಾಗಲೂ ನಿಮಗಿಂತ ಹತ್ತು ಕಿಲೋಮೀಟರ್ ಮುಂದೆ ಇರುತ್ತದೆ. ಟೆಂಪೊ ಇಲ್ಲದಿದ್ದರೆ ಒಟ್ಟು ಭಾರ ನಿಮ್ಮ ತೂಕದ ಹತ್ತರಲ್ಲಿ ಒಂದು ಪಾಲು ದಾಟದಿರಲಿ. ಜೀನ್ಸ್ ಬೇಡವೇ ಬೇಡ. ಬೆವರಿಗೆ ಅದು ತೊಡೆ ಸಂದು ಉಜ್ಜಿ ಹುಣ್ಣು ಮಾಡುತ್ತದೆ, ನಾಚಿಕೆಯಿಂದ ಯಾರೂ ಹೇಳಿಕೊಳ್ಳುವುದೂ ಇಲ್ಲ. ವ್ಯಾಸಲೀನ್ ಹೇಳಿದ್ದು ಅದಕ್ಕೇ. ತಿಂಡಿ ಹೊರಬೇಡಿ, ದಾರಿಯುದ್ದಕ್ಕೂ ಮೊಸರನ್ನ, ಕೇಸರಿಬಾತು, ಪಾನಕ, ಕಲ್ಲಂಗಡಿ ಕರೆದು ಕರೆದು ಕೊಡುತ್ತಾರೆ.

ನೋವಿನ ಮಾತ್ರೆ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವನ್ನು ಕಡ್ಲೆಕಾಯಿ ಹಂಚಿದ ಹಾಗೆ ಹಂಚುತ್ತಾರೆ. ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಇವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಬಿಪಿ ಮಾತ್ರೆ ತಗೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಅಷ್ಟು ಬೇಕೆನಿಸಿದರೆ ಪ್ಯಾರಾಸಿಟಮಾಲ್ ಸಾಕು. ಮಾತ್ರೆಯಿಲ್ಲದೆ ಒಂದು ಹೆಜ್ಜೆ ಇಡಲು ಆಗದಿದ್ದರೆ ಅವತ್ತಿನ ನಡಿಗೆ ಮುಗಿಯಿತು ಅಂತಲೇ ಅರ್ಥ. ನೋವಿನ ಮುಲಾಮು ಹಚ್ಚಿ ಅದರ ಮೇಲೆ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಚರ್ಮ ಸುಟ್ಟುಕೊಂಡವರೂ ಬರುತ್ತಾರೆ.

ನೀರು ಕುಡಿಯಿರಿ ಅನ್ನುವುದು ಎಲ್ಲರಿಗೂ ಗೊತ್ತು. ಬರೀ ನೀರೇ ಕುಡಿದರೂ ತೊಂದರೆ, ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೋ ಅಷ್ಟಕ್ಕೇ ಹಾಕಿ. ದೊಡ್ಡದು ಒಂದು ಲೀಟರಿಗೆ, ಅದನ್ನು ಒಂದು ಲೋಟಕ್ಕೆ ಕಲಸಿ ಕುಡಿದವರಿಗೆ ವಾಂತಿಯೇ ಗತಿ. ಹೆಂಗಸರ ಸಮಸ್ಯೆ ಬೇರೆ. ದಾರಿಯಲ್ಲಿ ಶೌಚಾಲಯ ಇಲ್ಲ ಅಂತ ನೀರೇ ಕುಡಿಯುವುದಿಲ್ಲ, ಮೂರನೇ ದಿನಕ್ಕೆ ಉರಿಮೂತ್ರ ಶುರು. ಪೆಟ್ರೋಲ್ ಬಂಕ್ ಸಿಕ್ಕಿದ ಕಡೆಯೆಲ್ಲ, ಬೇಕಿರಲಿ ಬೇಡದಿರಲಿ, ಹೋಗಿ ಬನ್ನಿ. ನಾವು ನಾಲ್ಕು ಜನ ಹೆಂಗಸರು ಒಂದು ದುಪ್ಪಟಿಯನ್ನು ಮರೆಗೆ ಅಂತಲೇ ಇಟ್ಟುಕೊಂಡಿದ್ದೆವು. ಇಡೀ ಬ್ಯಾಗಿನಲ್ಲಿ ಜಾಸ್ತಿ ಉಪಯೋಗಕ್ಕೆ ಬಂದ ವಸ್ತು ಅದೇ.

ಬಿಸಿಲು ತಪ್ಪಿಸಲು ತಂಡಗಳು ರಾತ್ರಿ ಎರಡು ಮೂರಕ್ಕೇ ಹೊರಡುತ್ತವೆ. ಹೆದ್ದಾರಿಯಲ್ಲಿ ಲಾರಿಗಳು ಓಡುವ ಹೊತ್ತೂ ಅದೇ. ರಸ್ತೆಯ ಬಲಗಡೆ, ಎದುರು ಬರುವ ಗಾಡಿ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬ್ಯಾಗಿಗೂ ಶರ್ಟಿಗೂ ಹೊಳೆಯುವ ಪಟ್ಟಿ ಅಂಟಿಸಿ. ಕಿವಿಯಲ್ಲಿ ಇಯರ್‌ಫೋನ್ ಬೇಡ, ಭಜನೆಯನ್ನು ಬಾಯಲ್ಲೇ ಹೇಳಿ.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಹೊರಟ ಮೇಲೆ ಚಾರ್ಮಾಡಿ. ಇಳಿಜಾರು ಸುಲಭ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಬ್ರೇಕ್ ಹಾಕಬೇಕು, ಮಂಡಿಚಿಪ್ಪಿನ ಮೇಲೆ ಭಾರ ಏರುತ್ತದೆ, ಬೆರಳು ಶೂವಿನ ಮೂತಿಗೆ ಗುದ್ದುತ್ತವೆ. ವಾರದ ಮುಂಚೆಯೇ ಉಗುರು ಕತ್ತರಿಸಿರಬೇಕು. ಇಳಿಯುವ ಮುಂಚೆ ಲೇಸನ್ನು ಮೇಲಿನ ಕೊನೆಯ ತೂತಿಗೂ ಹಾಕಿ, ಹಿಮ್ಮಡಿ ಕದಲದ ಹಾಗೆ ಬಿಗಿಯಿರಿ. ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಮಡಿಸಿ, ಕೈಯಲ್ಲಿ ಒಂದು ಕೋಲು. ಓಡಿ ಇಳಿಯುವ ಹುಡುಗರನ್ನು ಓಡಲು ಬಿಡಿ, ಉಜಿರೆಯಲ್ಲಿ ಸಿಗುತ್ತಾರೆ, ಕಟ್ಟೆ ಮೇಲೆ ಕೂತಿರುತ್ತಾರೆ. ಘಾಟಿಯ ಕೆಲವು ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ಕೆಳಗೆ ಇಳಿದ ಮೇಲೆ ಸೆಕೆ ಬೇರೆ ಥರ, ಬೆವರು ಒಣಗುವುದೇ ಇಲ್ಲ. ಇಷ್ಟು ದಿನ ಬರದ ಬೊಬ್ಬೆ ಕೊನೆಯ ದಿನ ಬರುವುದು ಇದಕ್ಕೇ. ಉಳಿಸಿಕೊಂಡ ಒಣ ಸಾಕ್ಸ್ ಇಲ್ಲಿ ಹಾಕಿ.

ನೇತ್ರಾವತಿಯಲ್ಲಿ ಸ್ನಾನ ಮಾಡಿದ ಮೇಲೆ ಒಡೆದ ಬೊಬ್ಬೆಗಳನ್ನು ಶುದ್ಧ ನೀರಲ್ಲಿ ತೊಳೆದು, ಒರೆಸಿ, ಹೊಸ ಟೇಪು ಹಾಕಿ. ಯಾಕೆಂದರೆ ಮುಂದೆ ಕ್ಯೂ ಇದೆ, ಚಪ್ಪಲಿ ಇಲ್ಲದೆ, ಶಿವರಾತ್ರಿಯ ಕ್ಯೂ. ಏಳು ದಿನ ನಡೆದ ಕಾಲು ನಿಂತಲ್ಲೇ ನಿಂತರೆ ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ, ಪಕ್ಕದವರು ನಕ್ಕರೆ ನಗಲಿ. ವಾಪಸ್ ಬಸ್ಸಿಗೆ ಸೀಟು ಬುಕ್ ಮಾಡುವಾಗ ಕಿಟಕಿ ಪಕ್ಕ ಬೇಡ, ಓಡಾಡುವ ದಾರಿಯ ಪಕ್ಕ ತಗೊಳ್ಳಿ, ಕಾಲು ಚಾಚಬಹುದು, ಆಗಾಗ ಎದ್ದು ನಿಲ್ಲಬಹುದು. ಮನೆಗೆ ಬಂದ ಮೇಲೆ ಎರಡೂ ಕಾಲು ಸಮ ಊದಿದ್ದರೆ ಎರಡು ದಿನದಲ್ಲಿ ಇಳಿಯುತ್ತದೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಮಸಾಜ್ ಮಾಡಿಸಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಬಸ್ಸಿಗೆ ಒಂದು ಸೈಜು ದೊಡ್ಡ ಹವಾಯಿ ಚಪ್ಪಲಿ ಇಟ್ಟುಕೊಂಡಿರಿ. ಅವತ್ತು ರಾತ್ರಿ ಶೂ ಒಳಗೆ ಕಾಲು ಹೋಗುವುದಿಲ್ಲ.