ಪುಟ್ಟ ಮಾರುಕಟ್ಟೆಯ ಗೇಮ್ ಕನ್ಸೋಲ್: ಲೆಕ್ಕ ಕೂಡಿಬರುವುದು ಹೇಗೆ?

ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನಗಳ ವ್ಯವಹಾರವನ್ನು ಅಭ್ಯಾಸ ಮಾಡುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಲಾಭ ಹುಟ್ಟುವುದು ಸಾಧನದಿಂದಲೋ ಗೇಮ್‌ಗಳಿಂದಲೋ ಎಂಬ ಪ್ರಶ್ನೆಯನ್ನು. ದೊಡ್ಡ ಕಂಪನಿಗಳು ಕನ್ಸೋಲನ್ನು ಅತ್ಯಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರಿ, ಮುಂದೆ ಮಾರಾಟವಾಗುವ ಪ್ರತಿ ಗೇಮ್‌ನಲ್ಲಿ ದೊರೆಯುವ ಪಾಲಿನಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತವೆ. ಕೆಲವೇ ಸಾವಿರ ಗ್ರಾಹಕರನ್ನು ನಂಬಿ ಹೊರಟವರಿಗೆ ಈ ದಾರಿಯಿಲ್ಲ. ಅವರು ಸಾಧನದ ಬೆಲೆಯಲ್ಲಿಯೇ ಲಾಭವನ್ನು ಕಂಡುಕೊಳ್ಳಬೇಕು.

ಕಾರಣ, ಎಷ್ಟು ಸಾಧನ ಮಾರಿದರೂ ಬದಲಾಗದ ಸ್ಥಿರ ವೆಚ್ಚದಲ್ಲಿದೆ. ವಿನ್ಯಾಸ, ಪ್ಲಾಸ್ಟಿಕ್ ಕವಚದ ಅಚ್ಚು ಮತ್ತು ಸುರಕ್ಷತಾ ಪರೀಕ್ಷೆಗಳಿಗೆ ಒಟ್ಟು 10 ಲಕ್ಷ ಡಾಲರ್ ತಗಲುತ್ತದೆ ಎಂದಿಟ್ಟುಕೊಳ್ಳೋಣ. 10 ಲಕ್ಷ ಸಾಧನಗಳು ಮಾರಾಟವಾದರೆ ಪ್ರತಿಯೊಂದರ ಮೇಲೆ ಬೀಳುವ ಹೊರೆ 1 ಡಾಲರ್. 10 ಸಾವಿರ ಮಾತ್ರ ಮಾರಾಟವಾದರೆ 100 ಡಾಲರ್. ಬಿಡಿಭಾಗಗಳ ಖರ್ಚು ಇದರ ಮೇಲೆ.

ಹೀಗಿರುವಾಗ ಶಕ್ತಿಯಲ್ಲಿ ಪೈಪೋಟಿಗಿಳಿಯುವುದು ನನ್ನ ದೃಷ್ಟಿಯಲ್ಲಿ ಅವಿವೇಕ. 1989ರಲ್ಲಿ ಬಂದ ನಿಂಟೆಂಡೊದ ಗೇಮ್ ಬಾಯ್ ಬಣ್ಣವಿಲ್ಲದ, ಹಿಂಬೆಳಕಿಲ್ಲದ ಪರದೆಯೊಂದಿಗೆ ನಾಲ್ಕು ಸೆಲ್‌ಗಳಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ನಡೆಯುತ್ತಿತ್ತು. ಮರುವರ್ಷದ ಸೆಗಾ ಗೇಮ್ ಗೇರ್‌ನ ಬಣ್ಣದ ಪರದೆ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡುತ್ತಿತ್ತು. ಗೇಮ್ ಬಾಯ್ ಪುಟ್ಟ ಮಾರುಕಟ್ಟೆಯದಲ್ಲ, ನಿಜ. ಆದರೆ ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬ ಅದರ ವಿನ್ಯಾಸಕ ಗುನ್‌ಪೇ ಯೊಕೊಯಿಯವರ ವಿಚಾರ ಸಣ್ಣ ತಯಾರಕರಿಗೇ ಹೆಚ್ಚು ಒಪ್ಪುತ್ತದೆ.

ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಪ್ಯಾನಿಕ್ ಕಂಪನಿಯು 2019ರಲ್ಲಿ ಪ್ರಕಟಿಸಿದ ಪ್ಲೇಡೇಟ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕಪ್ಪು-ಬಿಳುಪು ಪರದೆಯಲ್ಲಿರುವುದು 400×240 ಪಿಕ್ಸೆಲ್‌ಗಳು ಮಾತ್ರ, ಬೂದುಬಣ್ಣದ ಛಾಯೆಯೂ ಇಲ್ಲ. ಪಕ್ಕದಲ್ಲಿ ತಿರುಗಿಸಿ ಆಡಲು ಪುಟ್ಟದೊಂದು ಹಿಡಿಕೆ. ಈ ಮಿತಿಯಿಂದಾಗಿ ಒಬ್ಬರೇ ಕುಳಿತು ಒಂದು ಗೇಮ್ ಬರೆದು ಮುಗಿಸಬಹುದು. ಗೇಮ್ ಬರೆಯಲು ಬೇಕಾದ ಸಾಫ್ಟ್‌ವೇರ್ ಸಲಕರಣೆಗಳನ್ನೂ ಕಂಪನಿ ಉಚಿತವಾಗಿಯೇ ಕೊಟ್ಟಿರುವುದರಿಂದ ದೊಡ್ಡ ಸ್ಟುಡಿಯೋಗಳಿಗೆ ಹಣ ಸುರಿಯದೆಯೇ ಗೇಮ್‌ಗಳು ಸೇರುತ್ತಾ ಹೋಗುತ್ತವೆ. ಮೊಬೈಲ್ ಫೋನ್‌ನಲ್ಲಿ ಈ ಹಿಡಿಕೆಯಿಲ್ಲ. ಕೊಳ್ಳುವವರು ಹಣ ಕೊಡುವುದು ಆ ವ್ಯತ್ಯಾಸಕ್ಕೆ. 24 ಗೇಮ್‌ಗಳ ಮೊದಲ ಸರಣಿಯನ್ನು 179 ಡಾಲರ್ ಬೆಲೆಯಲ್ಲಿಯೇ ಸೇರಿಸಿ, ವಾರಕ್ಕೆ ಎರಡರಂತೆ ತಲುಪಿಸಿದ್ದರಿಂದ ಗ್ರಾಹಕರ ಕುತೂಹಲವೂ ಆರಲಿಲ್ಲ.

2021ರ ಜುಲೈಯಲ್ಲಿ ಮುಂಗಡ ಬುಕಿಂಗ್ ತೆರೆದಾಗ ಮೊದಲ 20,000 ಸಾಧನಗಳು ಸುಮಾರು 20 ನಿಮಿಷಗಳಲ್ಲಿ ಖಾಲಿಯಾದವು. ಬೇಡಿಕೆ ಎಷ್ಟಿದೆಯೆಂದು ತಯಾರಿಕೆಗೆ ಮೊದಲೇ ತಿಳಿಸುವುದು ಮುಂಗಡ ಬುಕಿಂಗ್‌ನ ದೊಡ್ಡ ಉಪಯೋಗ. ಆದರೆ ಆ ಹಣ ಬಂಡವಾಳಕ್ಕಿಂತ ಹೆಚ್ಚಾಗಿ ಸಾಲದಂತೆ ವರ್ತಿಸುತ್ತದೆ: ಏನೇ ಅಡಚಣೆ ಬಂದರೂ ಸಾಧನವನ್ನು ತಲುಪಿಸಿಯೇ ಅದನ್ನು ತೀರಿಸಬೇಕು. ತಯಾರಾದ ಮೊದಲ ಸಾವಿರಾರು ಪ್ಲೇಡೇಟ್‌ಗಳಲ್ಲಿ ಬ್ಯಾಟರಿಯ ದೋಷ ಕಂಡು ಅವುಗಳನ್ನು ಬದಲಿಸಬೇಕಾಯಿತು, ಮೂಲ ಪ್ರೊಸೆಸರ್ ಸಿಗದೆ ಬೇರೊಂದಕ್ಕೆ ಹೊಂದುವಂತೆ ಬೋರ್ಡನ್ನು ತಿದ್ದಬೇಕಾಯಿತು. ಸಾಧನ ಜನರ ಕೈ ಸೇರತೊಡಗಿದ್ದು 2022ರ ಏಪ್ರಿಲ್‌ನಲ್ಲಿ. ಮರುವರ್ಷ ಬೆಲೆ 199 ಡಾಲರ್‌ಗೆ ಏರಿತು.